ಹಂಗೇರಿಯವನ ಎಡಗಾಲು, ನಮ್ಮನೆಯ ಸೇರಕ್ಕಿ

ಠಣ್ ಎಂದು ಮೊದಲು ಒಂದು ಪೆಟ್ಟು. ಅದರ ಬೆನ್ನಿಗೇ ನೆಲದ ಮೇಲೆ ಅಕ್ಕಿ ಸರ್ರನೆ ಚೆಲ್ಲಿದ ಸದ್ದು. ಆಮೇಲೆ ಹಿತ್ತಾಳೆ ಸೇರು ನಡುಮನೆಯ ಉದ್ದಕ್ಕೂ ಗಡಗಡ ಉರುಳಿಕೊಂಡು ಹೋಗಿ, ದೇವರಮನೆಯ ಬಾಗಿಲಿಗೆ ಬಡಿದು, ಅಲ್ಲೇ ಗಿರಕಿ ಹೊಡೆದು ನಿಂತಿತು. ಹೊರಗೆ ವಾಲಗದವರು ಊದುವುದನ್ನು ನಿಲ್ಲಿಸಿಬಿಟ್ಟರು. ಕಡೂರಿನ ನಮ್ಮ ಮನೆಯಲ್ಲಿ ಅಷ್ಟು ಜನ ಸೇರಿ ಅಷ್ಟು ಸೈಲೆಂಟಾಗಿ ಇದ್ದದ್ದು ನನಗೆ ಬೇರೆ ನೆನಪಿಲ್ಲ.

ನನ್ನ ಮೊಮ್ಮಗನ ಮದುವೆ ಮುಗಿದು ಹೊಸ ಹುಡುಗಿಯನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ಹೊಸಿಲ ಮೇಲೆ ಸೇರಿನ ತುಂಬ ಅಕ್ಕಿ, ಅಕ್ಕಿಯ ಮೇಲೊಂದು ಅಚ್ಚು ಬೆಲ್ಲ. ಮದುಮಗಳು ಬಲಗಾಲಿನಿಂದ ಅದನ್ನು ಮೆಲ್ಲಗೆ ಒಳಕ್ಕೆ ಉರುಳಿಸಬೇಕು, ಲಕ್ಷ್ಮಿ ಒಳಗೆ ಬಂದ ಹಾಗೆ. ನಾನು ಈ ಮನೆಗೆ ಬಂದಾಗ ಎಷ್ಟು ಮೆಲ್ಲಗೆ ಮುಟ್ಟಿದ್ದೆನೆಂದರೆ ಸೇರು ಅಲ್ಲಾಡಲೇ ಇಲ್ಲ. ನಮ್ಮ ಯಜಮಾನರು ಪಕ್ಕದಿಂದ ಯಾರಿಗೂ ಕಾಣದ ಹಾಗೆ ಕಾಲು ತಾಗಿಸಿ ಬೀಳಿಸಿದರು. ಈ ಹುಡುಗಿ ಸೀರೆಯ ನೆರಿಗೆ ಸ್ವಲ್ಪ ಎತ್ತಿಕೊಂಡು, ಬಲಗಾಲನ್ನು ಸೇರಿನ ಪಕ್ಕದಲ್ಲಿ ಊರಿ, ಎಡಗಾಲಲ್ಲಿ ಒದ್ದಳು. ಬೇಕೆಂದು ಮಾಡಿದ್ದಲ್ಲ. ಯಾರೋ ಹಿಂದಿನಿಂದ "ಒದಿಯಮ್ಮಾ" ಅಂದರು, ಅವಳ ಮೈ ತನಗೆ ಗೊತ್ತಿದ್ದ ಕಾಲನ್ನು ಎತ್ತಿಬಿಟ್ಟಿತು.

ನಾನೊಬ್ಬಳೇ ಚಪ್ಪಾಳೆ ತಟ್ಟಿದೆ. ವಾಟ್ ಎ ಲೆಫ್ಟ್ ಫುಟ್ ಅಂತ ಬಾಯಿಂದ ಬಂದೇಬಿಟ್ಟಿತು.

ಬಾಗಿಲ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದವರು ನಮ್ಮ ಯಜಮಾನರ ಅಕ್ಕ, ನನ್ನ ಅತ್ತಿಗೆ. ಅಜ್ಜಂಪುರಕ್ಕೆ ಕೊಟ್ಟ ಹೆಣ್ಣು. ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಏನು ಕಾರ್ಯವಾದರೂ ಶಾಸ್ತ್ರ ಹೇಳುವುದಕ್ಕೆ ಅವರೇ ಬರಬೇಕಿತ್ತು. ಅವರ ಮಾತಿಗೆ ಅಪೀಲು ಇರಲಿಲ್ಲ. ಅವರು ಹುಡುಗಿಯ ಮುಖ ನೋಡಲಿಲ್ಲ, ಕಾಲು ನೋಡಿದರು.

"ಬಲಗಾಲು ತವರಲ್ಲೇ ಬಿಟ್ಬಂದ್ಯೇನಮ್ಮಾ?" ಅಂದರು. ನನ್ನ ಕಡೆ ತಿರುಗಿ, "ನೀನ್ಯಾಕೆ ಚಪ್ಪಾಳೆ ತಟ್ತಿದೀಯ, ಕಾನ್ವೆಂಟು?" ಅಂದರು. ಮದುವೆಯಾದಂದಿನಿಂದ ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ.

ಯಾಕೆ ತಟ್ಟಿದೆ ಅಂತ ಹೇಳಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಓದಿದ ಕಾನ್ವೆಂಟಿನಲ್ಲಿ ಗೇಮ್ಸ್ ಪೀರಿಯಡ್ಡಿಗೆ ಐರ್ಲೆಂಡಿನಿಂದ ಬಂದ ಒಬ್ಬ ಸಿಸ್ಟರ್ ಇದ್ದರು. ಕೆಂಪು ಮುಖ, ಗಟ್ಟಿ ಗಂಟಲು. ಉಳಿದ ಸಿಸ್ಟರುಗಳು ನಮಗೆ ಥ್ರೋಬಾಲ್ ಸಾಕು ಅಂದರೆ ಇವರು ಬಿಳಿ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಫುಟ್‌ಬಾಲ್ ಒದೆಯುತ್ತಿದ್ದರು. ಅವರ ಅಣ್ಣ ಊರಿನಿಂದ ಹಡಗಿನಲ್ಲಿ ಪೇಪರುಗಳನ್ನು ಕಳಿಸುತ್ತಿದ್ದ. ಬರುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು, ನಮಗೇನು ಗೊತ್ತು, ಬಿಸಿಬಿಸಿಯಾಗಿಯೇ ಕೇಳುತ್ತಿದ್ದೆವು. ಒಂದು ದಿನ ಅವರು ಕ್ಲಾಸಿಗೆ ಬಂದು, "ಗರ್ಲ್ಸ್, ಇಂಗ್ಲೆಂಡ್ ಹ್ಯಾಸ್ ಬೀನ್ ಟಾಟ್ ಎ ಲೆಸನ್" ಅಂದು, ಎಲ್ಲರಿಗೂ ಒಂದೊಂದು ಪೆಪ್ಪರ್‌ಮಿಂಟ್ ಹಂಚಿದರು. ಇಂಗ್ಲೆಂಡಿನವರ ಮನೆಯಂಗಳದಲ್ಲೇ ಅವರನ್ನು ಹಂಗೇರಿ ಅನ್ನುವ ದೇಶದವರು ಸೋಲಿಸಿದ್ದರಂತೆ. ಐರ್ಲೆಂಡಿನವರಿಗೆ ಅದರಲ್ಲಿ ಏನು ಸಂತೋಷ ಅಂತ ನನಗೆ ಅರ್ಥವಾದದ್ದು ಹಿಸ್ಟರಿ ಓದಿದ ಮೇಲೆ.

ಅವತ್ತು ಅವರು ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಒಬ್ಬ ಕುಳ್ಳ, ದಪ್ಪ ಮನುಷ್ಯನನ್ನು ಬರೆದರು. ಇವನೇ ಆ ತಂಡದ ಸ್ಟ್ರೈಕರ್, ಕ್ಯಾಪ್ಟನ್. ರಾಜಧಾನಿಯ ಅಂಚಿನಲ್ಲಿ, ಮನೆ ಪಕ್ಕದ ಬಯಲಲ್ಲಿ ಚಿಂದಿ ಬಟ್ಟೆಯ ಚೆಂಡು ಒದ್ದು ಬೆಳೆದವನು. ಆಡಿಸಿಕೊಳ್ಳುವ ವಯಸ್ಸು ಬರುವುದಕ್ಕೆ ಮೊದಲೇ ಬೇರೆ ಹೆಸರು ಹೇಳಿ ತಂಡಕ್ಕೆ ಸೇರಿಕೊಂಡವನು. ಸೈನ್ಯದವರ ತಂಡಕ್ಕೆ ಆಡುತ್ತಿದ್ದದ್ದಕ್ಕೆ ಅವನನ್ನು ಮೇಜರ್ ಅನ್ನುತ್ತಿದ್ದರು. ಸಿಸ್ಟರ್ ಆ ಚಿತ್ರದ ಎಡಗಾಲಿಗೆ ಮಾತ್ರ ಬಣ್ಣದ ಚಾಕ್ ಹಚ್ಚಿದರು. ಬಲಗಾಲು ಅವನಿಗೆ ನಿಲ್ಲುವುದಕ್ಕೆ, ಕೆಲಸವೆಲ್ಲ ಎಡಗಾಲಿನದು. ಇಂಗ್ಲೆಂಡಿನ ಡಿಫೆಂಡರ್ ಮೇಲೆ ನುಗ್ಗಿ ಬಂದಾಗ ಇವನು ಎಡಪಾದದ ಅಡಿಯಲ್ಲಿ ಚೆಂಡನ್ನು ಹಿಂದಕ್ಕೆ ಎಳೆದುಕೊಂಡನಂತೆ. ಬಂದವನು ಚೆಂಡಿಲ್ಲದ ಜಾಗಕ್ಕೆ ಜಾರಿಕೊಂಡು ಹೋದ, ಇವನು ಅದೇ ಕಾಲಲ್ಲಿ ಗೋಲು ಹೊಡೆದ. ಸಿಸ್ಟರ್ ಅದನ್ನು ಡಸ್ಟರ್ ಇಟ್ಟುಕೊಂಡು ಮಾಡಿ ತೋರಿಸಿದರು. ಮುಂದಿನ ಬೆಂಚಿನಿಂದ ನೋಡಿದ ಆ ಪಾದ ನನ್ನ ಕಣ್ಣಲ್ಲಿ ಹಾಗೇ ಇದೆ.

ಮದುವೆಯಾಗಿ ಬಂದ ಮೇಲೆ ನಮ್ಮ ಯಜಮಾನರಿಗೆ ಬೀರೂರಿನಲ್ಲಿ ರೈಲ್ವೆ ನೌಕರಿ. ಅಲ್ಲಿ ಬರುತ್ತಿದ್ದ ಇಂಗ್ಲಿಷ್ ಪೇಪರನ್ನು ಎಲ್ಲರೂ ಓದಿ ಮುಗಿಸಿದ ಮೇಲೆ ಆಟದ ಪುಟ ಮಾತ್ರ ನನಗೆ ತಂದುಕೊಡುತ್ತಿದ್ದರು. ಬೇರೆ ಹೆಂಗಸರಿಗೆ ಗಂಡಂದಿರು ಮಲ್ಲಿಗೆ ತರುತ್ತಿದ್ದರು ಅಂತ ನಾನು ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ. ಆ ಮನುಷ್ಯನ ಉಳಿದ ಲೈಫ್ ನನಗೆ ಗೊತ್ತಾದದ್ದು ಹಾಗೆ, ಪುಟಪುಟವಾಗಿ.

ಆ ಲೈಫಿನಲ್ಲಿ ಗೋಲುಗಳಿಗಿಂತ ನನಗೆ ಇಷ್ಟವಾದದ್ದು ನಡುವಿನ ಭಾಗ. ವರ್ಷಗಟ್ಟಲೆ ಸೋಲು ಕಾಣದ ಅವನ ತಂಡ ವರ್ಲ್ಡ್ ಕಪ್ಪಿನ ಫೈನಲ್ಲಿನಲ್ಲಿ, ಮಳೆಯಲ್ಲಿ, ಸೋತುಹೋಯಿತು. ಇವನ ಕಾಲು ಊದಿತ್ತು. ಕೊನೆಯಲ್ಲಿ ಹೊಡೆದ ಗೋಲನ್ನು ಗೋಲೇ ಅಲ್ಲ ಅಂದರು. ಆಮೇಲೆ ದೇಶದಲ್ಲಿ ಗಲಭೆ. ಇವನು ಹೊರಗಿದ್ದವನು ಹಿಂತಿರುಗಲಿಲ್ಲ. ಆಡಬಾರದು ಅಂತ ನಿಷೇಧ ಹಾಕಿದರು. ಕೂತು ಕೂತು ಮೈ ಬಂತು. ನಿಷೇಧ ಮುಗಿಯುವ ಹೊತ್ತಿಗೆ ಮೂವತ್ತು ದಾಟಿತ್ತು, ಹೊಟ್ಟೆ ಮುಂದೆ ಬಂದಿತ್ತು, ನೋಡಿದವರೆಲ್ಲ ಹೀ ಈಸ್ ಫಿನಿಶ್ಡ್ ಅಂದರು. ಸ್ಪೇನಿನ ಒಂದು ತಂಡ ಮಾತ್ರ ಬಾ ಅಂತು. ಅಲ್ಲಿ ಅವನು ಮತ್ತೆ ಹುಟ್ಟಿದ. ಯುರೋಪಿನ ಒಂದು ಫೈನಲ್ಲಿನಲ್ಲಿ ಒಬ್ಬನೇ ನಾಲ್ಕು ಗೋಲು.

ಅದಕ್ಕೇ ಆ ಮದುವೆಯ ದಿನ ನನ್ನ ಕೈ ತಾನಾಗಿ ಚಪ್ಪಾಳೆ ತಟ್ಟಿದ್ದು.

ಹುಡುಗಿ ಸಖರಾಯಪಟ್ಟಣದವಳು. ತೆಂಗಿನ ತೋಟದವರ ಮಗಳು, ಮರದಿಂದ ಉದುರಿದ ಎಳೆಗಾಯಿ ಕುರುಂಬೆ ಒದ್ದು ಒದ್ದು ಕಾಲು ಪಳಗಿಸಿಕೊಂಡವಳು. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿ, ಯೂನಿವರ್ಸಿಟಿ ತಂಡದವರೆಗೂ ಹೋಗಿದ್ದಳು. ಮದುವೆಯ ಮಾತುಕತೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ, ನಮ್ಮವರೂ ಕೇಳಿರಲಿಲ್ಲ. ಬಂದ ಮೇಲೆ ನನಗೂ ಅವಳಿಗೂ ನಂಟು ಬೆಳೆಯಿತು. ಮೊಮ್ಮಗ ಒಂದು ದಿನ ಮೊಬೈಲಿನಲ್ಲಿ ಏನೋ ಹುಡುಕಿ ನನ್ನ ಮುಂದೆ ಹಿಡಿದ. ಕಪ್ಪು ಬಿಳುಪಿನ ಹಳೆಯ ಫಿಲ್ಮ್. ಸಿಸ್ಟರ್ ಡಸ್ಟರಿನಲ್ಲಿ ಮಾಡಿ ತೋರಿಸಿದ ಅದೇ ಎಡಪಾದ, ಅದೇ ಎಳೆತ. ಇಡೀ ಜನ್ಮ ಮನಸ್ಸಿನಲ್ಲೇ ಕಂಡಿದ್ದನ್ನು ಎಂಬತ್ತರ ಹತ್ತಿರ ಕಣ್ಣಲ್ಲಿ ಕಂಡೆ. ಹುಡುಗಿ ನನ್ನ ಭುಜದ ಮೇಲಿಂದ ನೋಡಿ, "ಅಜ್ಜಿ, ಇನ್ನೊಂದ್ಸಲ" ಅಂದಳು. ಅವತ್ತು ಆ ತುಣುಕು ಎಷ್ಟು ಸಲ ಓಡಿತೋ.

ಆಮೇಲೆ ಮಗು ಆಯಿತು. ಬಾಣಂತನದಲ್ಲಿ ನನ್ನ ಸೊಸೆ, ಅಂದರೆ ಅವಳ ಅತ್ತೆ, ತುಪ್ಪ ಕೊಬ್ಬರಿ ಹಾಕಿ ಚೆನ್ನಾಗಿಯೇ ನೋಡಿಕೊಂಡಳು. ಹುಡುಗಿ ದುಂಡಗಾದಳು. ಮೆಟ್ಟಿಲು ಹತ್ತಿದರೆ ಏದುಸಿರು. ಅದೇ ಹೊತ್ತಿಗೆ ಕಡೂರಿನಲ್ಲಿ ಕೆಲವು ಹೆಣ್ಣುಮಕ್ಕಳು ಸೇರಿ ಒಂದು ಫುಟ್‌ಬಾಲ್ ತಂಡ ಕಟ್ಟಿದರು. ತರೀಕೆರೆಯಲ್ಲಿ ಪಂದ್ಯ. ಸ್ಟ್ರೈಕರ್ ಇಲ್ಲ, ನೀನು ಬಾ ಅಂತ ಇವಳನ್ನು ಕೇಳಿಕೊಂಡು ಬಂದರು. ಹುಡುಗಿ ಅವತ್ತು ಪಾತ್ರೆ ತೊಳೆಯುತ್ತಾ ನನ್ನ ಹತ್ತಿರ ಮೆಲ್ಲಗೆ ಹೇಳಿದಳು:

"ಇದೊಂದು ಆಡ್ಬಿಡ್ತೀನಿ ಅಜ್ಜಿ. ಆಗ್ಲಿಲ್ಲ ಅಂದ್ರೆ ನಾನೇ ಬಿಟ್ಬಿಡ್ತೀನಿ. ಆದ್ರೆ ಆಡ್ದೇನೇ ಬಿಟ್ಟೆ ಅಂತ ಆಗ್ಬಾರ್ದು."

ನನ್ನ ಸೊಸೆ ಕೆಟ್ಟವಳಲ್ಲ. ಆದರೆ ಅಜ್ಜಂಪುರದ ನಮ್ಮ ಅತ್ತಿಗೆಯ ಒಪ್ಪಿಗೆ ಇಲ್ಲದೆ ಅವಳು ಬಾಗಿಲ ಪರದೆಯನ್ನೂ ಬದಲಾಯಿಸುವವಳಲ್ಲ. ಅದರಲ್ಲೂ ಸೇರಕ್ಕಿಯ ಸಂಗತಿ ಅವಳ ಮನಸ್ಸಿನಲ್ಲಿ ಮುಳ್ಳಾಗಿತ್ತು. ಸೇರಿನ ಕಂಠ ನೆಗ್ಗಿತ್ತು. ಆಮೇಲೆ ಮನೆಯಲ್ಲಿ ಬೋರಿನ ಮೋಟರ್ ಸುಟ್ಟರೂ, ನನ್ನ ಮಂಡಿ ಆಪರೇಷನ್ ಆದರೂ, ಹಾಲು ಒಡೆದರೂ ಅವಳ ಕಣ್ಣು ಒಂದು ಸಲ ಆ ಸೇರಿನ ಕಡೆ ಹೋಗಿ ಬರುತ್ತಿತ್ತು. ಎಡಗಾಲಿನ ಮೇಲೆ ನಾವು ಎಷ್ಟು ಭಾರ ಹೊರಿಸಿದ್ದೆವೆಂದರೆ, ಪಾಪ, ಹುಡುಗಿ ಅಡುಗೆಮನೆಗೆ ಬರುವಾಗಲೂ ಹೊಸಿಲ ಹತ್ತಿರ ಒಂದು ಕ್ಷಣ ನಿಂತು ಕಾಲು ಬದಲಾಯಿಸುತ್ತಿದ್ದಳು.

ಹಾಗಾಗಿ ನಾನು, ಹುಡುಗಿ, ನನ್ನ ಸೊಸೆ ರೈಲು ಹತ್ತಿ ಅಜ್ಜಂಪುರಕ್ಕೆ ಹೋದೆವು. ಅತ್ತಿಗೆ ಅಂಗಳದಲ್ಲಿ ಒಣಹಾಕಿದ ರಾಗಿಯನ್ನು ಕಾಲಲ್ಲಿ ಕೆದಕುತ್ತಿದ್ದರು. ನಮ್ಮ ಕಡೆ ಕಾಳು ಒಣಗಿಸುವವರು ಹಾಗೇ ಮಾಡುವುದು, ಪಾದ ಊರಿ ಹಿಂದಕ್ಕೆ ಎಳೆಯುತ್ತಾ, ಸಾಲು ಸಾಲಾಗಿ. ಆ ವಯಸ್ಸಿನಲ್ಲೂ ಒಂದು ಕಾಳು ಅಂಗಳದ ಅಂಚು ದಾಟುತ್ತಿರಲಿಲ್ಲ. ಒಂದು ಮೂಲೆಯಲ್ಲಿ ಈರುಳ್ಳಿ ರಾಶಿ.

ನಾನು ವಾದ ಮಾಡಲಿಲ್ಲ. ಹಂಗೇರಿಯವನ ಕಥೆ ಹೇಳಿದೆ. ಚಿಂದಿ ಚೆಂಡಿನಿಂದ ಹಿಡಿದು ಸ್ಪೇನಿನವರೆಗೆ. ಅತ್ತಿಗೆ ರಾಗಿ ಕೆದಕುತ್ತಲೇ ಕೇಳಿದರು. ಫೈನಲ್ಲಿನಲ್ಲಿ ಮಳೆ ಬಂತು ಅಂದಾಗ "ಅಯ್ಯೋ" ಅಂದರು. ಮೈ ಬಂತು ಅಂದಾಗ ಹುಡುಗಿಯನ್ನು ಒಂದು ಸಲ ನೋಡಿದರು. ಕೊನೆಗೆ, ವಯಸ್ಸಾದ ಮೇಲೆ ಅವನು ತನ್ನ ದೇಶಕ್ಕೆ ವಾಪಸು ಬಂದನೋ ಇಲ್ಲವೋ ಅಂತ ಕೇಳಿದರು. ಬಂದ, ಜನ ತಲೆ ಮೇಲೆ ಹೊತ್ತುಕೊಂಡರು ಅಂದೆ. ಅಷ್ಟು ಕೇಳಿದ ಮೇಲೆ ಜಗಲಿಗೆ ಬಂದು ಕೂತರು.

ಆಡುವುದೆಂದರೆ ಸರಿಯಾಗಿ ಏನು ಮಾಡುವುದು ಅಂತ ಹುಡುಗಿಯನ್ನೇ ಕೇಳಿದರು. ಎರಡು ಕಂಬ, ಮೇಲೊಂದು ಅಡ್ಡ, ಅದರೊಳಕ್ಕೆ ಚೆಂಡು ಹೋಗಬೇಕು ಅಂತ ಅವಳು ವಿವರಿಸಿದಳು. ಅತ್ತಿಗೆ ತಮ್ಮ ಮನೆಯ ಬಾಗಿಲಿನ ಕಡೆ ಒಂದು ಸಲ ನೋಡಿದರು.

"ಹಂಗಾದ್ರೆ ಅದೂ ಒಂದು ಬಾಗ್ಲು ತಾನೆ?" ಅಂದರು. "ಆಡು, ಬೇಡ ಅನ್ನಲ್ಲ. ಓಡೋದು ಆಡೋದು ಯಾವ್ ಕಾಲಲ್ಲಾದ್ರೂ ಮಾಡ್ಕೋ. ಬಾಗ್ಲೊಳಕ್ಕೆ ಹಾಕೋವಾಗ ಮಾತ್ರ ಬಲಗಾಲಲ್ಲೇ ಹಾಕ್ಬೇಕು. ಮಾತು ಕೊಡು."

ಹುಡುಗಿ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಅವಳು ಮಾತು ಕೊಟ್ಟುಬಿಟ್ಟಳು. ಎಡಗಾಲಿನ ಸ್ಟ್ರೈಕರ್‌ಗೆ ಬಲಗಾಲಲ್ಲಿ ಗೋಲು ಹೊಡಿ ಅನ್ನುವುದು ಎಡಗೈಯವರಿಗೆ ಬಲಗೈಯಲ್ಲಿ ರಂಗೋಲಿ ಎಳೆ ಅಂದ ಹಾಗೆ. ವಾಪಸು ಬರುವಾಗ ರೈಲಿನಲ್ಲಿ ಅದನ್ನು ಹೇಳಿದೆ. "ಆಡಕ್ಕೆ ಬಿಟ್ರಲ್ಲ ಅಜ್ಜಿ, ಅಷ್ಟು ಸಾಕು" ಅಂದು ಕಿಟಕಿಯ ಕಡೆ ತಿರುಗಿಕೊಂಡಳು.

ಅಲ್ಲಿಂದ ನಮ್ಮ ಮನೆಯ ತಾರಸಿಯೇ ಸ್ಟೇಡಿಯಂ ಆಯಿತು. ಬೆಳಿಗ್ಗೆ ಅವಳು ಓಡಿ ಬರುತ್ತಿದ್ದಳು, ನಾನು ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ. ಅತ್ತಿಗೆ ರಾಗಿ ಕೆದಕಿದ ರೀತಿ ನನ್ನ ತಲೆಯಲ್ಲಿ ಸುಳಿಯುತ್ತಿತ್ತು. ತಾರಸಿಯ ಮೇಲೆ ರಾಗಿ ಹರಡಿಸಿ, ಹೀಗೆ ಎಳಿ ಅಂದೆ. ಪಾದದ ಅಡಿಯಲ್ಲಿ ಕಾಳು ಉರುಳಬೇಕು, ಚೆದುರಬಾರದು. ಆ ಹಂಗೇರಿಯವನ ಎಳೆತ ಅವಳಿಗೆ ಹತ್ತಿದ್ದು ಚೆಂಡಿನಿಂದಲ್ಲ, ರಾಗಿಯಿಂದ. ಬಲಗಾಲಲ್ಲೂ ಗೋಡೆಗೆ ಚೆಂಡು ಹೊಡೆದು ಹೊಡೆದು ನೋಡಿದಳು. ಚೆಂಡು ನೀರಿನ ಟ್ಯಾಂಕಿಗೆ, ಪಕ್ಕದ ಮನೆಯ ಹಪ್ಪಳದ ಮೇಲೆ, ಎಲ್ಲೆಲ್ಲಿಗೋ ಹೋಯಿತು. ನನ್ನ ಸೊಸೆ ಮೊದಮೊದಲು ಕೆಳಗಿನಿಂದ ಗೊಣಗುತ್ತಿದ್ದಳು. ಆಮೇಲೆ ಮಗುವನ್ನು ಎತ್ತಿಕೊಂಡು ಮೇಲೆ ಬಂದು, ಬಾಗಿಲಲ್ಲೇ ನಿಂತು ನೋಡತೊಡಗಿದಳು. ಒಂದು ದಿನ ತಾನಾಗಿಯೇ ಗ್ಲೂಕೋಸ್ ನೀರು ತಂದಿಟ್ಟಳು.

ಪಂದ್ಯದ ದಿನ ತರೀಕೆರೆಯ ಮೈದಾನಕ್ಕೆ ನಾವೆಲ್ಲ ಹೋದೆವು. ನೋಡಿದರೆ ಅಜ್ಜಂಪುರದಿಂದ ಅತ್ತಿಗೆ ಬಸ್ಸಿನಲ್ಲಿ ನಮಗಿಂತ ಮೊದಲೇ ಬಂದು, ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಗೆರೆಯ ಪಕ್ಕದಲ್ಲೇ ಕೂತಿದ್ದಾರೆ. ಕೊಟ್ಟ ಮಾತು ನಡೆಯುತ್ತದೋ ಇಲ್ಲವೋ ನೋಡಬೇಕಿತ್ತಂತೆ. ಪಕ್ಕದಲ್ಲಿದ್ದ ಯಾರೋ, ತರೀಕೆರೆ ತಾಲ್ಲೂಕಿನ ಅಜ್ಜಂಪುರದವರಾಗಿ ನೀವು ತರೀಕೆರೆ ಕಡೆ ಅಲ್ಲವಾ ಅಂತ ಕೆಣಕಿದರು. "ನಮ್ದೀಗ ಬೇರೆ ತಾಲ್ಲೂಕು ಕಣಪ್ಪ" ಅಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು.

ತರೀಕೆರೆಯ ಹುಡುಗಿಯರು ಗಟ್ಟಿಗಿತ್ತಿಯರು. ಶುರುವಿನಲ್ಲೇ ಒಂದು ಗೋಲು ಹೊಡೆದರು. ನಮ್ಮ ಹುಡುಗಿಯನ್ನು ನೋಡಿ ಹಿಂದೆ ಯಾರೋ ನಗುತ್ತಿದ್ದರು, ಈ ಆಂಟಿಯನ್ನು ಯಾಕೆ ಕರೆತಂದಿದ್ದಾರೆ ಅಂತ. ಆದರೆ ಚೆಂಡು ಅವಳ ಕಾಲಿಗೆ ಬಂದಾಗೆಲ್ಲ ಆ ನಗು ನಿಲ್ಲುತ್ತಿತ್ತು. ಎಡಗಾಲಲ್ಲಿ ಹಿಡಿಯುವಳು, ಎಡಗಾಲಲ್ಲಿ ಒಬ್ಬಳನ್ನು ದಾಟುವಳು, ಕಂಬದ ಮುಂದೆ ಬಂದ ಕೂಡಲೇ ನಿಂತು ಕಾಲು ಬದಲಾಯಿಸುವಳು. ನಮ್ಮ ಅಡುಗೆಮನೆಯ ಹೊಸಿಲಲ್ಲಿ ನಿಂತ ಹಾಗೇ. ಅಷ್ಟರಲ್ಲಿ ಡಿಫೆಂಡರ್ ಬಂದುಬಿಡುವಳು. ಒಂದು ಸಲ ಎದುರಿಗೆ ಗೋಲ್‌ಕೀಪರ್ ಒಬ್ಬಳೇ ಇದ್ದಾಗಲೂ ಬಲಗಾಲಲ್ಲಿ ಒದ್ದ ಚೆಂಡು ಕಾರ್ನರ್ ಬಾವುಟದ ಕಡೆ ಹೋಯಿತು. ಅವಳ ತಂಡದವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಹುಡುಗಿ ತಲೆ ಎತ್ತಲಿಲ್ಲ.

ಹಾಫ್‌ಟೈಮ್ ಮುಗಿದು ಆಟ ಮತ್ತೆ ಶುರುವಾದ ಮೇಲೂ ಅದೇ ಕಥೆ. ಇನ್ನೊಂದು ಚೆಂಡು ಹಾಳಾದಾಗ ಅತ್ತಿಗೆ ನನ್ನ ಕಡೆ ಬಾಗಿದರು. ಅಷ್ಟು ಚೆನ್ನಾಗಿ ತಂದು ಕೊನೆಗೆ ಯಾಕೆ ಕೆಡಿಸುತ್ತಾಳೆ ಅಂತ ಕೇಳಿದರು. ನಿಮ್ಮ ಮಾತು ಉಳಿಸುವುದಕ್ಕೆ ಅಂದೆ.

ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಮೈದಾನದ ಎರಡೂ ಕಡೆಯ ಕಂಬಗಳನ್ನು ನೋಡಿದರು. ಆಮೇಲೆ ಬೆರಳು ತೋರಿಸಿ ಕೇಳಿದರು.

"ಅದು ಯಾರ್ ಬಾಗ್ಲು?"

"ತರೀಕೆರೆಯವ್ರದ್ದು, ಅತ್ತಿಗೆ. ಹಿಂದುಗಡೆ ಇರೋದು ನಮ್ದು."

"ಹಂಗಾದ್ರೆ ಇವ್ಳು ಒದೀತಿರೋದು ಅವ್ರ ಬಾಗ್ಲಿಗಾ, ನಮ್ದಕ್ಕಲ್ಲ?"

ಆಗ ನನಗೆ ಅರ್ಥವಾಯಿತು. ಇಷ್ಟು ದಿನ ಅವರು ತಿಳಿದುಕೊಂಡಿದ್ದು ಬೇರೆಯೇ. ಚೆಂಡು ನಮ್ಮ ಮನೆಯೊಳಕ್ಕೆ ಬರುವ ಲಕ್ಷ್ಮಿ, ಹುಡುಗಿ ಅದನ್ನು ನಮ್ಮ ಬಾಗಿಲಿಗೇ ತುಂಬಿಸಿಕೊಳ್ಳುತ್ತಾಳೆ, ಸೇರಕ್ಕಿಯ ಹಾಗೆ. ಅದಕ್ಕೇ ಬಲಗಾಲು. ನಾನು ಅಷ್ಟುದ್ದ ಕಥೆ ಹೇಳಿದ್ದರಲ್ಲಿ ಹಂಗೇರಿಯವನು ಗೋಲು ಹೊಡೆದದ್ದು ಯಾರ ಬಾಗಿಲಿಗೆ ಅಂತ ಮಾತ್ರ ಹೇಳಿರಲಿಲ್ಲ. ಯಾರಿಗೆ ಹೊಳೆಯುತ್ತದೆ, ಹೇಳಿ.

ಅತ್ತಿಗೆ ಕುರ್ಚಿಯ ತೋಳು ಹಿಡಿದು ಎದ್ದರು. ಕೋಲೂರಿಕೊಂಡು ಗೆರೆಯ ಮೇಲೇ ಹೋಗಿ ನಿಂತರು. ಲೈನ್ಸ್‌ಮನ್ ಹುಡುಗ "ಅಜ್ಜಿ, ಹಿಂದಕ್ಕೆ ಬನ್ನಿ" ಅನ್ನುತ್ತಿದ್ದ. ರಾಗಿಗೆ ಬಂದ ಕೋಳಿ ಅಟ್ಟುವ ಗಂಟಲಿನಲ್ಲಿ ಕೂಗಿದರು:

"ಲೇ ಹುಡುಗಿ, ಅದು ಅವ್ರ ಬಾಗ್ಲು ಕಣೇ. ಎಡಗಾಲಲ್ಲೇ ಒದಿ."

ಮೈದಾನವೆಲ್ಲ ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ. ಒಂದು ಸಲ ಅತ್ತಿಗೆಯ ಕಡೆ, ಒಂದು ಸಲ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳ ಹೆಗಲು ಕೆಳಗೆ ಇಳಿದದ್ದು ನನಗೆ ಅಲ್ಲಿಂದಲೂ ಕಾಣಿಸಿತು, ಬಿಂದಿಗೆ ಇಳಿಸಿದ ಹಾಗೆ.

ಮೊದಲನೆಯ ಗೋಲು ದೂರದಿಂದ. ಗೋಲ್‌ಕೀಪರ್ ಕೈ ಎತ್ತುವಷ್ಟರಲ್ಲಿ ಬಲೆ ಅಲ್ಲಾಡಿತ್ತು. ಎರಡನೆಯದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಚೆಂಡು ಕಂಬದ ಬಲಗಡೆ ಅವಳ ಕಾಲಿಗೆ ಸಿಕ್ಕಿತು. ತರೀಕೆರೆಯ ಎತ್ತರದ ಡಿಫೆಂಡರ್, ಅಲ್ಲಿಯವರೆಗೆ ಚೆಂಡೆಲ್ಲ ಕಸಿದುಕೊಂಡವಳು, ನುಗ್ಗಿ ಬಂದಳು. ಹುಡುಗಿ ಎಡಪಾದವನ್ನು ಚೆಂಡಿನ ಮೇಲಿಟ್ಟು, ನಮ್ಮ ತಾರಸಿಯ ರಾಗಿಯನ್ನು ಎಳೆದ ಹಾಗೆ ಹಿಂದಕ್ಕೆ ಎಳೆದಳು. ಬಂದವಳು ಧೂಳೆಬ್ಬಿಸಿಕೊಂಡು ಬರಿಯ ನೆಲಕ್ಕೆ ಜಾರಿ ಹೋದಳು. ಅದೇ ಕಾಲು, ಒಂದೇ ಒದೆ. ನನಗೆ ಆ ಗಳಿಗೆಯಲ್ಲಿ ತರೀಕೆರೆ ಕಾಣಲಿಲ್ಲ. ಬೋರ್ಡು, ಬಣ್ಣದ ಚಾಕ್‌ಪೀಸು, ಕೆಂಪು ಮುಖದ ನನ್ನ ಸಿಸ್ಟರ್ ಕಂಡರು. ಪೆಪ್ಪರ್‌ಮಿಂಟಿನ ರುಚಿ ಬಾಯಿಗೆ ಬಂತು, ಐ ಸ್ವೇರ್.

ಸೀಟಿ ಊದಿದ ಮೇಲೆ ನನ್ನ ಸೊಸೆ ಮಗುವನ್ನು ಮೊಮ್ಮಗನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಮೈದಾನದ ನಡುವಿನವರೆಗೆ ಓಡಿಹೋಗಿ ಹುಡುಗಿಯನ್ನು ತಬ್ಬಿಕೊಂಡಳು. ಅವಳು ಓಡುವುದನ್ನು ನಾನು ಕಂಡದ್ದು ಅವತ್ತೇ. ಅತ್ತಿಗೆ ತರೀಕೆರೆಯ ಗೋಲ್‌ಕೀಪರನ್ನು ಕರೆದು, ತಪ್ಪು ತಿಳಿದುಕೊಳ್ಳಬೇಡ ತಾಯಿ, ಬಾಗಿಲು ಚೆನ್ನಾಗಿ ಕಾದೆ ಅಂತ ತಲೆ ಸವರಿದರು.

ಈಗ ಕಡೂರಿನ ತಂಡಕ್ಕೆ ನಮ್ಮ ಹುಡುಗಿಯೇ ಕ್ಯಾಪ್ಟನ್. ಸಂಜೆ ಸಣ್ಣ ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತಾಳೆ. ನೆಗ್ಗಿದ ಸೇರನ್ನು ನನ್ನ ಸೊಸೆ ಹುಣಿಸೆಹಣ್ಣು ಹಾಕಿ ತಿಕ್ಕಿ ಶೋಕೇಸಿನಲ್ಲಿ ಇಟ್ಟಿದ್ದಾಳೆ, ಪಕ್ಕದಲ್ಲಿ ತರೀಕೆರೆಯಿಂದ ತಂದ ಕಪ್. ಬಂದವರು ಯಾವುದು ಗೆದ್ದದ್ದು ಅಂತ ಕೇಳಿದರೆ ಎರಡೂ ಅನ್ನುತ್ತಾಳೆ.

ಗೆದ್ದ ಕೆಲವು ವಾರಕ್ಕೆ ನಾನೂ ಹುಡುಗಿಯೂ ಮಗುವನ್ನು ಕರೆದುಕೊಂಡು ಅಜ್ಜಂಪುರಕ್ಕೆ ಹೋಗಿದ್ದೆವು. ಅತ್ತಿಗೆಗೆ ಮೈ ಅಷ್ಟು ಸರಿ ಇರಲಿಲ್ಲ, ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಹಂಗೇರಿಯವನು ಕೊನೆಕೊನೆಗೆ ಹೇಗಿದ್ದ ಅಂತ ಕೇಳಿದರು. ನೆನಪೆಲ್ಲ ಅಳಿಸಿಹೋಗಿತ್ತಂತೆ ಅಂದೆ. "ತಲೆ ಮರ್ತಿರುತ್ತೆ, ಕಾಲು ಮರ್ತಿರಲ್ಲ ಬಿಡು" ಅಂದರು. ರೈಲಿಗೆ ಹೊತ್ತಾಯಿತು ಅಂತ ನಾವು ಅಂಗಳಕ್ಕೆ ಇಳಿದೆವು. ಮಗು ರಾಶಿಯಿಂದ ಒಂದು ಈರುಳ್ಳಿ ಎಳೆದುಬಿಟ್ಟಿತು. ನಾಲ್ಕಾರು ಈರುಳ್ಳಿ ಉರುಳಿದವು, ಒಂದು ಜಗಲಿಯ ಬುಡದವರೆಗೆ ಹೋಯಿತು. ಅತ್ತಿಗೆ ಅದನ್ನು ಪಾದದ ಅಡಿಯಲ್ಲಿ ಹಿಡಿದು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಎಳೆದು, ಹುಡುಗಿಯ ಕಡೆಗೆ ನೇರವಾಗಿ ತಳ್ಳಿದರು. ಎಡಗಾಲಲ್ಲಿ. ಹುಡುಗಿ ಅದನ್ನು ತನ್ನ ಎಡಗಾಲಲ್ಲಿ ಹಿಡಿದಳು. ಗೇಟಿನ ಹತ್ತಿರ ನಾನು ತಿರುಗಿ ನೋಡಿದೆ. ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾ, ಇನ್ನೊಂದು ಈರುಳ್ಳಿಗೆ ಕಾಲು ಚಾಚುತ್ತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.